ನಲ್ಲಿ ನೀರು ಬಂದ ದಿನ, ಮನಿ ಪ್ಲಾಂಟ್

ಹೆಂಡತಿ ತನ್ನ ತಂಗಿಯ ಬಾಣಂತನಕ್ಕೆಂದು ಬೂದಿಕೋಟೆಗೆ ಹೋಗುವಾಗ, ತವರಿನಿಂದ ತಂದು ಸಾಕಿದ್ದ ಮನಿ ಪ್ಲಾಂಟನ್ನು ನನ್ನ ವಶಕ್ಕೆ ಒಪ್ಪಿಸಿದಳು. ತಿಂಗಳೊಳಗೆ ಎಲೆಗಳು ಹಳದಿಯಾದವು. ರಾಬರ್ಟ್‌ಸನ್‌ಪೇಟೆಯಿಂದ ಗೊಬ್ಬರ ತಂದು ಶಾಸ್ತ್ರೋಕ್ತವಾಗಿ ಹಾಕಿದೆ. ಇನ್ನಷ್ಟು ಹಳದಿಯಾದವು.

ಹಾಲು ತರುವ ಅಜ್ಜಿ ಕುಂಡದ ಮಣ್ಣಿಗೆ ಬೆರಳಿಟ್ಟಳು. "ನೀರು ಯಾವಾಗ ಉಯ್ತೀಯಪ್ಪಾ?"

"ವಾರಕ್ಕೊಮ್ಮೆ, ನಲ್ಲಿ ಬಂದ ದಿನ. ಹೊಸ ನೀರು ಹಿಡಿಯೋ ಮುಂಚೆ ಬಿಂದಿಗೆಗಳಲ್ಲಿ ಉಳಿದಿದ್ದನ್ನೆಲ್ಲ ಇದಕ್ಕೇ ಸುರೀತೀನಿ."

"ಇದೇನು ಗಿಡಾನಾ, ಬಚ್ಚಲಾ? ಬೇರು ಕೊಳೀತೈತೆ!"

ನೀರು ವ್ಯರ್ಥವಾಗಬಾರದೆಂಬ ನಮ್ಮೂರಿನ ಧರ್ಮವನ್ನು ನಾನು ಆ ಕುಂಡದಲ್ಲಿ ನಿಷ್ಠೆಯಿಂದ ಪಾಲಿಸಿದ್ದೆ. ತಳದ ತೂತು ಕಟ್ಟಿಕೊಂಡಿತ್ತು. ಅದನ್ನು ಬಿಡಿಸಿ, ಕೊಳೆತ ಬೇರು ಕತ್ತರಿಸಿ, ಗಿಡವನ್ನು ಒಣಮಣ್ಣಿಗೆ ಕೂರಿಸಿದೆ.

ಹೆಂಡತಿ ಬಂದು ಎಣಿಸಿದಳು. "ಮೂರೇ ಎಲೆ ಉಳಿಸಿದೀರಲ್ರೀ!"

"ಮೂರೂ ಹಸಿರು," ಎಂದೆ.

ಮುಂದಿನ ವಾರ ನಲ್ಲಿ ಬಂದಾಗ ಮಣ್ಣಿಗೆ ಬೆರಳಿಟ್ಟು ನೋಡಿದೆ. ತಂಪಾಗಿತ್ತು. ಬಿಂದಿಗೆಯ ಹಳೇ ನೀರನ್ನು ಬೀದಿಯ ಹೊಂಗೆಮರಕ್ಕೆ ಸುರಿದೆ.