ಆರದ ಸಾರಿನ ಪುಡಿ

ತೊಂಬತ್ತರ ದಶಕದ ಕೊನೆಯಲ್ಲಿ ನಾವು ಬನಶಂಕರಿ ಎರಡನೇ ಹಂತದಲ್ಲಿದ್ದೆವು. ಬುಧವಾರ ಮಧ್ಯಾಹ್ನ ಮೂರಕ್ಕೆ ಹಿಂದಿನ ರಸ್ತೆಯ ನಿವೃತ್ತ ಸಂಸ್ಕೃತ ಟೀಚರೊಬ್ಬರ ಮನೆಯಲ್ಲಿ ಹತ್ತು ಹನ್ನೆರಡು ಹೆಂಗಸರಿಗೆ ವೇದಾಂತ ಪಾಠ. ನಾನೂ ಅತ್ತೆಯೂ ಜೊತೆಯಲ್ಲೇ ಹೋಗುತ್ತಿದ್ದೆವು. ಮೋರಿಯ ಕಲ್ಲು ದಾಟುವಾಗ ಅತ್ತೆ ನನ್ನ ಮೊಣಕೈ ಹಿಡಿದುಕೊಳ್ಳುತ್ತಿದ್ದರು. ದಾಟಿದ ಮೇಲೂ ಬಿಡುತ್ತಿರಲಿಲ್ಲ.

ಕಾನ್ವೆಂಟಿನಲ್ಲಿ ಓದಿದವಳು ನಾನು. ಮಾರ್ಜಿನ್ ಎಳೆದು, ಕೆಂಪು ಪೆನ್ನಿನಲ್ಲಿ ಅಡಿಗೆರೆ ಹಾಕಿ ನೋಟ್ಸ್ ಬರೆಯುತ್ತಿದ್ದೆ. ಅತ್ತೆ ಬರಿಗೈಯಲ್ಲಿ ಬಂದು ಕಣ್ಣು ಮುಚ್ಚಿ ಕೂರುತ್ತಿದ್ದರು. ತೂಕಡಿಸುತ್ತಾರೆ ಎಂದೇ ನಾನು ತಿಳಿದಿದ್ದೆ.

ಆ ದಿನ ಅಂತಃಕರಣದ ನಾಲ್ಕು ಭಾಗಗಳ ಪಾಠ. "ಮನಸ್ಸು ಹೌದೋ ಅಲ್ಲವೋ ಅಂತ ಅತ್ತಿತ್ತ ಓಡಾಡುತ್ತೆ. ಬುದ್ಧಿ ತೀರ್ಮಾನ ಮಾಡುತ್ತೆ. ಚಿತ್ತ ಎಲ್ಲಾನೂ ನೆನಪಿಟ್ಕೊಳ್ಳುತ್ತೆ," ಎಂದರು ಟೀಚರ್. "ಅಹಂಕಾರ ಅಂದ್ರೆ ಬರೀ ಜಂಬ ಅಲ್ಲ ಕಣ್ರಮ್ಮ. ಕೆಲಸ ಎಲ್ಲ ಮುಗಿದ ಮೇಲೆ ಬಂದು 'ಇದು ನಂದು' ಅನ್ನುತ್ತಲ್ಲ, ಅದು."

"ನಮ್ಮನೆಯವರ ಥರ!" ಎಂದರು ಯಾರೋ ಹಿಂದಿನಿಂದ. ಟೀಚರೂ ನಕ್ಕುಬಿಟ್ಟರು. ನಾನು ಟೀಚರ 'ಇದು ನಂದು' ಮಾತನ್ನು ನೀಟಾಗಿ ಬರೆದು ಕೆಂಪು ಅಡಿಗೆರೆ ಎಳೆದೆ.

ಮುಂದಿನ ವಾರ ಪಾಠಕ್ಕೆ ಮುಂಚೆಯೇ ಸೇರಿ, ಎಲ್ಲರೂ ಒಂದೊಂದು ಅಡುಗೆ ತಂದು ಅಲ್ಲೇ ಊಟ. ನಾವು ಸಾರು ಒಯ್ದಿದ್ದೆವು. ಬಿಟಿಎಂ ಬಡಾವಣೆಯಿಂದ ಬರುತ್ತಿದ್ದ ಹುಬ್ಬಳ್ಳಿಯಾಕೆ ಮೂರನೇ ಸಲ ಹಾಕಿಸಿಕೊಳ್ಳುತ್ತಾ, "ಯಾರ್ ಮಾಡ್ಯಾರ್ರೀ ಈ ಸಾರು? ಭಾಳ ಛಲೋ ಆಗೇತ್ರಿ!" ಎಂದರು.

"ನಾನೇ. ಪುಡೀನೂ ಮನೇಲೇ ಮಾಡಿದ್ದು, ನನ್ನದೇ ಅಳತೆ."

ಬಾಯಿಗೆ ಹೇಗೆ ಬಂತೋ! ಪುಡಿಗೆ ದನಿಯ ಒಣಗಿಸಿದ್ದು, ಮೆಂತ್ಯ ಹುರಿದದ್ದು, ಬ್ಯಾಡಗಿ ಮೆಣಸಿನಕಾಯಿಯ ತೊಟ್ಟು ಬಿಡಿಸಿದ್ದು ಎಲ್ಲ ಅತ್ತೆ. ತಿರುಗಿ ನೋಡಿದರೆ ಹಪ್ಪಳದ ಬುಟ್ಟಿ ಹಿಡಿದು ನನ್ನ ಹಿಂದೆಯೇ ನಿಂತಿದ್ದರು. ಮುಂದಿನ ಎಲೆಗೆ ಹಪ್ಪಳ ಹಾಕಿದರು. ವಾಪಸು ಬರುವಾಗ ಮೋರಿಯ ಕಲ್ಲನ್ನು ಒಬ್ಬರೇ ದಾಟಿದರು.

ಪುಡಿ ಮುಗಿದಾಗ ಅತ್ತೆ ಖಾಲಿ ಡಬ್ಬವನ್ನು ನನ್ನ ಮುಂದಿಟ್ಟರು. "ಈ ಸಲ ನೀನೇ ಮಾಡ್ಕೋಮ್ಮ. ಅಳತೆ ನಿಂದೇ ಅಲ್ವಾ?"

ಬುಧವಾರ ಬಂದಾಗ ಮಂಡಿ ನೋವು ಎಂದರು. ಅದರ ಮುಂದಿನ ಬುಧವಾರವೂ ಮಂಡಿ ನೋವೇ. ನಾನೊಬ್ಬಳೇ ಹೋಗಿ ಬಂದೆ. ಮೊಣಕೈಯಲ್ಲಿ ಆ ಹಿಡಿತವಿಲ್ಲದೆ ನಡಿಗೆಯೇ ಕೆಟ್ಟುಹೋಗಿತ್ತು. ಬೆಂಚಿಗೆ ಕಾಲು ತಗುಲಿದರೂ 'ಸಾರಿ' ಅನ್ನುವಂತೆ ಕಾನ್ವೆಂಟಿನ ನನ್‌ಗಳು ನಮ್ಮನ್ನು ಪಳಗಿಸಿದ್ದರು. ಆದರೆ ಅಡುಗೆಮನೆಯಲ್ಲಿ ಅತ್ತೆಯ ಎದುರು ನಿಂತು 'ತಪ್ಪಾಯ್ತು' ಅನ್ನಲು ನನಗೆ ನಾಲಿಗೆಯೇ ಹೊರಳಲಿಲ್ಲ.

ಅದರ ಬದಲು ಪುಡಿ ಮಾಡಿಯೇ ತೋರಿಸುತ್ತೇನೆಂದು ಹೊರಟೆ. ಹುರಿದೆ, ಮಿಲ್ಲಿಗೆ ಒಯ್ದೆ, ನನ್ನ ಮುಂದಿನವರ ಮೆಣಸಿನಪುಡಿ ಮುಗಿಯುವವರೆಗೂ ಸೀನುತ್ತಾ ಕಾದೆ. ಮನೆಗೆ ಬಂದವಳೇ, ಅವರು ನೋಡಲಿ ಎಂಬ ಆತುರಕ್ಕೆ, ಬಿಸಿ ಪುಡಿಯನ್ನೇ ಡಬ್ಬಕ್ಕೆ ತುಂಬಿ ಮುಚ್ಚಳ ಬಿಗಿದು ಶೆಲ್ಫಿನ ಮುಂದುಗಡೆ ಇಟ್ಟೆ.

ಹತ್ತು ದಿನ ಬಿಟ್ಟು ತೆಗೆದರೆ ಮುಗ್ಗಲು ವಾಸನೆ. ಪುಡಿ ಹೆಂಟೆಹೆಂಟೆಯಾಗಿ ಮೇಲೆ ಬೂಷ್ಟು ಹತ್ತಿತ್ತು. ಪೇಪರಿನಲ್ಲಿ ಸುತ್ತಿ ಬಿಸಾಡಲು ಹೊರಟೆ. ಅಷ್ಟರಲ್ಲಿ ಅತ್ತೆ ಬಾಗಿಲಲ್ಲಿ.

"ಆ ಮಿಲ್ಲಿನವನು..." ಎಂದು ಶುರು ಮಾಡಿದ್ದೆ. ಒಳ್ಳೆಯದಾದರೆ ನಂದು, ಕೆಟ್ಟರೆ ಮಿಲ್ಲಿನವನದು. ಕೆಂಪು ಅಡಿಗೆರೆ ಕಣ್ಣ ಮುಂದೆ ಬಂತು. ಮಾತು ಅಲ್ಲಿಗೇ ನಿಂತಿತು.

"ತಪ್ಪಾಯ್ತು ಅತ್ತೆ. ಅವತ್ತು ಎಲ್ಲರ ಮುಂದೆ ನಂದು ಅಂದ್ಬಿಟ್ಟೆ."

ಅವರು ಡಬ್ಬವನ್ನು ಮೂಗಿನ ಹತ್ತಿರ ಹಿಡಿದರು. "ಬಿಸಿಬಿಸೀಲೇ ಮುಚ್ಚಿದೀಯಾ. ಪೇಪರ್ ಮೇಲೆ ಹರಡಿ ಆರಕ್ಕೆ ಬಿಡಬೇಕು ಕಣೇ. ಆರೋವರೆಗೂ ಅದು ಯಾರ ಪುಡೀನೂ ಅಲ್ಲ." ಆಮೇಲೆ, "ದನಿಯ ತರಿಸು," ಎಂದರು.

ಆ ಬುಧವಾರ ಮಂಡಿ ನೋವಿನ ಸುದ್ದಿಯೇ ಇಲ್ಲ. ಮೋರಿಯ ಹತ್ತಿರ ನನ್ನ ಮೊಣಕೈಗೆ ಕೈ ಬಂತು. ಪಾಠ ಮುಗಿದ ಮೇಲೆ ನಾನಾಗಿಯೇ ಹುಬ್ಬಳ್ಳಿಯಾಕೆಯ ಹತ್ತಿರ ಹೋಗಿ, "ಅವತ್ತು ಸಾರಿಗೆ ಹಾಕಿದ್ದು ನಮ್ಮತ್ತೆ ಮಾಡಿದ ಪುಡಿ ಕಣ್ರೀ, ಅಳತೇನೂ ಅವರದೇ," ಎಂದೆ.

ಅತ್ತೆ ಕೈ ಅಲ್ಲಾಡಿಸಿದರು. "ಅಯ್ಯೋ, ನಂದೇನಿದೆ ಅದ್ರಲ್ಲಿ? ನಮ್ಮತ್ತೆ ಹೇಳ್ಕೊಟ್ಟ ಅಳತೆ ಅದು."

ಟೀಚರ್ ಮೆಚ್ಚಿ ತಲೆದೂಗಿದರು. ನನಗೋ, ಕಣ್ಣು ಮುಚ್ಚಿ ಕೂತವರೇ ಪಾಠವನ್ನು ಸರಿಯಾಗಿ ಕೇಳಿಸಿಕೊಂಡಿದ್ದರಲ್ಲ ಎಂದು ನಾಚಿಕೆಯಾಯಿತು. ಅತ್ತೆ ಚಪ್ಪಲಿ ಮೆಟ್ಟಿ, ಗೇಟಿನವರೆಗೆ ಹೋಗಿ, ಅಲ್ಲಿಂದ ತಿರುಗಿ ನಿಂತು ಹುಬ್ಬಳ್ಳಿಯಾಕೆಗೆ ಕೂಗಿದರು:

"ಹುರಿಯೋ ಹದ ಮಾತ್ರ ನಂದೇ ಕಣಮ್ಮ!"