ಸದ್ದು ಹಿಡಿದ ಮೇಸ್ತ್ರಿ

ಕಳೆದ ಸೋಮವಾರ ಶಿವಮೊಗ್ಗದ ಗಾಂಧಿ ಬಜಾರಿನ ಒಂದು ಅಡ್ಡರಸ್ತೆಯಲ್ಲಿ ಹೋಗುತ್ತಿದ್ದೆ. ಸೈಕಲ್ ಅಂಗಡಿಯ ಮುಂದೆ ಒಬ್ಬಾತ ತಗಡಿನ ತಟ್ಟೆಗೆ ಸೀಮೆಎಣ್ಣೆ ಸುರಿದುಕೊಂಡು ಚೈನು ತೊಳೆಯುತ್ತಾ ಕೂತಿದ್ದ. ಈ ಕಾಲದಲ್ಲಿ ಅವನಿಗೆ ಸೀಮೆಎಣ್ಣೆ ಎಲ್ಲಿ ಸಿಕ್ಕಿತೋ ದೇವರೇ ಬಲ್ಲ. ಎಣ್ಣೆಯಲ್ಲಿ ತೊಳೆದ ಹಳೇ ಕಬ್ಬಿಣದ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಅಲ್ಲೇ ನಿಂತುಬಿಟ್ಟೆ. ನಮ್ಮ ಕಾರು ನೋಡಿಕೊಳ್ಳುತ್ತಿದ್ದ ಮೇಸ್ತ್ರಿಯ ಶೆಡ್ಡಿನ ವಾಸನೆ ಅದು. ಅಂಗಡಿಯವನು ಏನು ಬೇಕು ಅಂತ ಕೇಳಿದ. ಏನೂ ಬೇಡ ಅಂದೆ, ಆದರೂ ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದೆ...

ಸೋಮವಾರ ಮತ್ತು ಗುರುವಾರ ನನಗೆ ಶಿವಮೊಗ್ಗದಲ್ಲಿ ನಾಲ್ಕು ಗಂಟೆ ಕಾಲ ಮಾಡಲು ಕೆಲಸವಿರುವುದಿಲ್ಲ. ಇವರು, ಅಂದರೆ ನಮ್ಮ ಯಜಮಾನರು, ಆಸ್ಪತ್ರೆಯಲ್ಲಿ ಡಯಾಲಿಸಿಸ್ ಮಷೀನಿನ ಪಕ್ಕ ಮಲಗಿರುತ್ತಾರೆ. ನಮ್ಮ ಮನೆ ಭದ್ರಾವತಿಯಲ್ಲಿ. ಅಲ್ಲಿನ ಕಾರ್ಖಾನೆಯಲ್ಲಿ ಇಪ್ಪತ್ತಾರು ವರ್ಷ ದುಡಿದ ಮನುಷ್ಯ, ಒಂದು ದಿನ ಕಾಲು ಊದಿಕೊಂಡಿದೆ ಅಂತ ತೋರಿಸಲು ಹೋದರೆ ಎರಡೂ ಕಿಡ್ನಿ ಕೈಕೊಟ್ಟಿವೆ ಅಂದರು. ಮೊದಲ ಒಂದು ತಿಂಗಳು ಬಸ್ಸಿನಲ್ಲೇ ಓಡಾಡಿದೆವು. ವಾಪಸು ಬರುವಾಗೊಮ್ಮೆ ಬಿ.ಪಿ. ಇಳಿದು, ಕಾಲು ಹಿಡಿದುಕೊಂಡು, ಬಸ್ಸಿನ ಮೆಟ್ಟಿಲ ಮೇಲೇ ಕುಸಿದು ಕೂತರು. ಇಳಿಯುವವರು ಇವರನ್ನು ದಾಟಿಕೊಂಡು ಇಳಿದರು. ಆವತ್ತೇ ನಿರ್ಧಾರ ಮಾಡಿದೆ. ನಮ್ಮ ಭಾವನವರ ಹತ್ತಿರ ಹದಿನಾಲ್ಕು ವರ್ಷ ಓಡಿದ ಒಂದು ಸಣ್ಣ ಕಾರಿತ್ತು, ಅದನ್ನು ತಂದೆವು. ಬೀದಿನಾಯಿಗೆ ಹೆದರಿ ಸುತ್ತು ಬಳಸಿ ಹಾಲು ತರುವ ಹೆದರುಪುಕ್ಕಲಿ ನಾನು, ನಲವತ್ತೊಂಬತ್ತನೇ ವಯಸ್ಸಿನಲ್ಲಿ ಡ್ರೈವಿಂಗ್ ಕಲಿತೆ.

ಕಲಿತು ಒಂದು ವರ್ಷವಾಗಿರಬೇಕು, ಆಗ ಶುರುವಾಯಿತು ಆ ಸದ್ದು. ಶಿವಮೊಗ್ಗಕ್ಕೆ ಹೋಗುವಾಗ ಮಲವಗೊಪ್ಪದ ಹತ್ತಿರ ಒಂದು ಹಂಪ್ ಹತ್ತಿ ಇಳಿದಾಗ ಎಡಗಡೆಯ ಮುಂದಿನ ಚಕ್ರದ ಕಡೆಯಿಂದ ಕಟಕಟ ಅಂತು. ಆಮೇಲೆ ರಸ್ತೆ ಸ್ವಲ್ಪ ಒರಟಾದರೂ ಸಾಕು, ಕಟಕಟ. ನಾನು ಸ್ಟಿಯರಿಂಗನ್ನು ಎರಡೂ ಕೈಯಲ್ಲಿ ಅವುಚಿ ಹಿಡಿದು, ಕೇಳಿಸ್ತಾ, ಅಂತ ಇವರನ್ನು ಕೇಳಿದೆ. "ಏನಿಲ್ಲ ಮಾರಾಯ್ತಿ, ರಸ್ತೆನೇ ಹಂಗಿದೆ" ಅಂದರು. ಅವರಿಗೂ ಕೇಳಿಸಿತ್ತು. ನಾನು ಹೆದರಬಾರದು ಅಂತ ಸುಳ್ಳು ಹೇಳಿದರು. ಅವರು ಸುಳ್ಳು ಹೇಳಿದ್ದಾರೆ ಅಂತ ಗೊತ್ತಾದ ಮೇಲೆ ನನ್ನ ಹೆದರಿಕೆ ಎರಡರಷ್ಟಾಯಿತು.

ಆ ರಸ್ತೆಯಲ್ಲಿ ಲಾರಿಗಳು ಹೇಗೆ ಬರುತ್ತವೆ ಅಂತ ನೋಡಿದವರಿಗೇ ಗೊತ್ತು. ಎದುರಿಂದ ಒಂದು ಲಾರಿ ಬರುವ ಹೊತ್ತಿಗೆ ಸರಿಯಾಗಿ ಚಕ್ರ ಕಳಚಿಕೊಂಡರೆ? ಚಕ್ರ ಕಳಚದೆ ಗಾಡಿ ನಡುರಸ್ತೆಯಲ್ಲಿ ನಿಂತರೆ? ಇವರ ಸರದಿ ಮಧ್ಯಾಹ್ನ ಹನ್ನೆರಡಕ್ಕೆ. ಒಂದು ಸರದಿ ತಪ್ಪಿದರೆ ಮೈಯಲ್ಲಿ ನೀರು ತುಂಬಿ ಉಸಿರು ಕಟ್ಟುತ್ತದೆ. ಒಮ್ಮೆ ಹಾಗಾಗಿದ್ದನ್ನು ಕಣ್ಣಾರೆ ಕಂಡಿದ್ದೆ. ಮನೆಯಲ್ಲಿ ಮಿಕ್ಸಿ ತಿರುಗಿದರೂ ನನಗೆ ಕಟಕಟ ಕೇಳುತ್ತಿತ್ತು, ಫ್ಯಾನು ತಿರುಗಿದರೂ ಕಟಕಟ. ಭಾನುವಾರ, ಬುಧವಾರ ಬಂತೆಂದರೆ ಊಟ ಸೇರುತ್ತಿರಲಿಲ್ಲ.

ಒಬ್ಬರ ಮೇಲೆ ಒಬ್ಬರಂತೆ ಮೂವರು ಮೆಕ್ಯಾನಿಕ್‌ಗಳಿಗೆ ತೋರಿಸಿದೆ. ಇವರಿಗೆ ಸುಸ್ತು, ಮನೆಯಲ್ಲಿ ಮಲಗಿರಲಿ ಅಂತ ಒಬ್ಬಳೇ ಹೋಗುತ್ತಿದ್ದೆ. ಮೂವರೂ ಗಾಡಿ ಓಡಿಸಿ ನೋಡಿದರು. ಮೂವರಿಗೂ ಒಂದೇ ಒಂದು ಸಲವೂ ಸದ್ದು ಕೇಳಲಿಲ್ಲ. ಒಬ್ಬ ಡಿಕ್ಕಿಯಲ್ಲಿದ್ದ ಜಾಕನ್ನು ಬಟ್ಟೆ ಸುತ್ತಿ ಇಟ್ಟ. ಇನ್ನೊಬ್ಬ ಚಕ್ರ ಎತ್ತಿ, ಏನೇನೋ ಬಿಚ್ಚಿ, ಜೋಡಿಸಿ, ಬಿಗಿಮಾಡಿ ಕೊಟ್ಟ. ಮೂರನೆಯವನು ನಕ್ಕು, "ಮೇಡಂ, ಸದ್ದು ಗಾಡೀಲಿಲ್ಲ, ನಿಮ್ಮ ತಲೇಲಿದೆ" ಅಂದ. ಕೆನ್ನೆಗೆ ಬಾರಿಸೋಣ ಅನ್ನಿಸಿತು. ಆದರೆ ದಾರಿಯುದ್ದಕ್ಕೂ, ಇವನು ಹೇಳಿದ್ದೇ ನಿಜವಿದ್ದರೆ, ಅಂತ ಯೋಚಿಸುತ್ತಾ ಬಂದೆ. ಒಬ್ಬಳೇ ಇದ್ದಾಗ ಗಾಡಿ ನಿಜಕ್ಕೂ ಸದ್ದು ಮಾಡುತ್ತಿರಲಿಲ್ಲ.

ಮೇಸ್ತ್ರಿಯ ಹೆಸರೆತ್ತಿದವರು ಇವರೇ. ಕಾರ್ಖಾನೆಯ ಗೇಟಿನಿಂದ ಸ್ವಲ್ಪ ಆಚೆ ಒಂದು ತಗಡಿನ ಶೆಡ್ಡು, ಒಳಗೆ ಸಿಮೆಂಟಿನ ಗುಂಡಿ, ಅದರ ಮೇಲೆ ಗಾಡಿ ನಿಲ್ಲಿಸಿ ಕೆಳಗಿಳಿದು ಕೆಲಸ ಮಾಡುವವರು. ಅವರ ತಂದೆ ಕಾರ್ಖಾನೆ ಕೆಲಸಕ್ಕೆಂದು ತಮಿಳುನಾಡಿನಿಂದ ಬಂದವರಂತೆ. ಮೇಸ್ತ್ರಿಗೆ ಅರವತ್ತು ದಾಟಿತ್ತು. ಹಣೆಯ ಮೇಲೆ ವಿಭೂತಿ, ಮಡಚಿ ಕಟ್ಟಿದ ಲುಂಗಿ, ದಾರ ಕಟ್ಟಿ ಕೊರಳಿಗೆ ಇಳಿಬಿಟ್ಟ ಕನ್ನಡಕ. ನಾನು ಸದ್ದಿನ ಕತೆಯನ್ನು ಮೊದಲಿಂದ ಕೊನೆಯವರೆಗೆ ಹೇಳಿದೆ. ಮಧ್ಯೆ ಬಾಯಿ ಹಾಕದೆ ಕೇಳಿಸಿಕೊಂಡ ಮೊದಲ ಮೆಕ್ಯಾನಿಕ್ ಅವರು.

ಕೀ ತೆಗೆದುಕೊಂಡು ಓಡಿಸಲು ಹೊರಟರು. ನಾನು ಹಿಂದಿನ ಬಾಗಿಲು ತೆಗೆದು ಹತ್ತಿದೆ. ಪೇಪರ್ ಟೌನ್ ಕಡೆ ಹೋಗಿ ಬಂದೆವು. ಸದ್ದಿಲ್ಲ. ನನಗೆ ಅಳು ಬರುವ ಹಾಗಾಯಿತು. ಮೇಸ್ತ್ರಿ ಗಾಡಿಯನ್ನು ಬದಿಗೆ ನಿಲ್ಲಿಸಿ ಕನ್ನಡಿಯಲ್ಲಿ ನನ್ನನ್ನು ನೋಡಿದರು.

"ಸದ್ದು ಬರೋವಾಗ ಗಾಡೀಲಿ ಯಾರ್ಯಾರು ಇರ್ತೀರಮ್ಮಾ?"

"ನಾನು, ನಮ್ಮ ಯಜಮಾನರು."

"ಸಾರ್ ಎಲ್ಲಿ ಕೂತ್ಕೊಳ್ತಾರೆ?"

"ಮುಂದೆ, ನನ್ನ ಪಕ್ಕ."

"ಬೇರೆ ಮೆಕ್ಯಾನಿಕ್ಕು ಓಡಿಸಿ ನೋಡ್ದಾಗ ನೀವು ಎಲ್ಲಿದ್ರಿ?"

ಎಲ್ಲಿ ಅಂದರೆ ಹಿಂದೆಯೇ. ಗುರುತಿಲ್ಲದ ಗಂಡಸು ಗಾಡಿ ಓಡಿಸುವಾಗ ಪಕ್ಕದಲ್ಲಿ ಹೋಗಿ ಕೂರುವುದು ಹೇಗೆ? ನಮ್ಮಲ್ಲಿ ಯಾವ ಹೆಂಗಸು ಕೂರುತ್ತಾಳೆ? ಮೂವರ ಜೊತೆಗೂ ಹಿಂದಿನ ಸೀಟಿನಲ್ಲಿ ಸೆರಗು ಹೊದ್ದು ಗಂಭೀರವಾಗಿ ಕೂತಿದ್ದೆ. ಅದನ್ನು ಹೇಳುವಾಗ ನಾಚಿಕೆಯಾಯಿತು. ಮೇಸ್ತ್ರಿ ನಗಲಿಲ್ಲ. "ಮುಂದೆ ಎಡಗಡೆ ಭಾರ ಬಿದ್ರೆ ಮಾತ್ರ ಅದು ಬಾಯಿ ಬಿಡೋದು. ತಪ್ಪು ನಿಮ್ದಲ್ಲ, ಅವರು ಕೇಳ್ಬೇಕಿತ್ತು. ಸಾರ್‌ನೇ ಕರ್ಕೊಂಡು ಬನ್ನಿ" ಅಂದರು.

ಅದೇ ಸಂಜೆ, ಬುಧವಾರ, ಇವರನ್ನು ಕರೆದುಕೊಂಡು ಹೋದೆ. ಗೊಣಗುತ್ತಲೇ ಬಂದರು. ಇವರು ಮುಂದೆ ಕೂತರು, ಮೇಸ್ತ್ರಿ ಓಡಿಸಿದರು, ನಾನು ಹಿಂದೆ. ಮೊದಲ ಹಂಪಿನಲ್ಲೇ ಕಟಕಟ ಅಂತು. ನನಗೆ ಎಷ್ಟು ಸಂತೋಷವಾಯಿತು ಅಂದರೆ, ಹಾಳು ಸದ್ದನ್ನು ಕೇಳಿ ಸಂತೋಷಪಟ್ಟವಳು ಭದ್ರಾವತಿಯಲ್ಲಿ ನಾನೊಬ್ಬಳೇ ಇರಬೇಕು. ನನ್ನ ತಲೆ ಸರಿಯಾಗಿಯೇ ಇತ್ತು.

ಆ ಸಂತೋಷ ಅರ್ಧ ಗಂಟೆಯೂ ಉಳಿಯಲಿಲ್ಲ. ಗುಂಡಿಗಿಳಿದ ಮೇಸ್ತ್ರಿ ಮೇಲೆ ಬಂದಾಗ ಅವರ ಮುಖ ಬೇರೆಯಾಗಿತ್ತು. ಚಕ್ರವನ್ನು ಗಾಡಿಗೆ ಹಿಡಿದಿಡುವ ಕಬ್ಬಿಣದ ತೋಳೊಂದಿರುತ್ತದೆ, ಅದಕ್ಕೆ ಆರ್ಮ್ ಅನ್ನುತ್ತಾರೆ. ಅದರ ಬುಡದಲ್ಲಿದ್ದ ರಬ್ಬರು ಹರಿದುಹೋಗಿತ್ತು. ತುದಿಯ ಗುಂಡಿನಂಥ ಕೀಲು ಸವೆದು ಸಡಿಲವಾಗಿತ್ತು. "ಇನ್ನೆಷ್ಟು ದಿನ ಹಿಡ್ಕೊಳ್ತಿತ್ತು ಅಂತ ನಾನು ಹೇಳಲ್ಲ. ಹೇಳಿದ್ರೆ ನಿಮಗೆ ನಿದ್ದೆ ಬರಲ್ಲ. ಗಾಡಿ ಇಲ್ಲೇ ಇರಲಿ" ಅಂದರು.

ನಾಳೆ ಗುರುವಾರ, ಡಯಾಲಿಸಿಸ್ ಇದೆ, ತಪ್ಪಿಸುವ ಹಾಗಿಲ್ಲ ಅಂದೆ. ಗೊತ್ತಿದ್ದ ಎರಡು ಬಾಡಿಗೆ ಕಾರುಗಳಿಗೆ ಅಲ್ಲಿಂದಲೇ ಫೋನ್ ಮಾಡಿದೆ. ಮದುವೆಗಳ ಕಾಲ, ಎರಡೂ ಬುಕ್ ಆಗಿದ್ದವು. ಆ ಆರ್ಮ್ ಭದ್ರಾವತಿಯಲ್ಲಿ ಸಿಗುವುದಿಲ್ಲ ಅಂತ ಮೇಸ್ತ್ರಿ ಬೇರೆ ಹೇಳಿದರು. ನಾನು ಮತ್ತೆ ಫೋನಿನಲ್ಲಿ ನಂಬರು ಹುಡುಕತೊಡಗಿದೆ. "ಸಾರ್ ಹನ್ನೆರಡಕ್ಕೆ ಅಲ್ಲಿರ್ತಾರೆ. ನೀವು ಒಂಬತ್ತಕ್ಕೆ ಇಲ್ಲಿಗೆ ಬನ್ನಿ" ಅಂದರು.

ಮರುದಿನ ಎಂಟೂವರೆಗೇ ಆಟೋದಲ್ಲಿ ಹೋಗಿ ಶೆಡ್ಡಿನ ಬೆಂಚಿನ ಮೇಲೆ ಕೂತೆವು. ಇವರ ಮುಖ ಊದಿತ್ತು, ನಾಲ್ಕು ಮಾತಾಡಿದರೆ ಏದುಸಿರು. ನಮ್ಮ ಕಾರು ಚಕ್ರ ಬಿಚ್ಚಿಸಿಕೊಂಡು ಮೂಲೆಗೆ ವಾಲಿತ್ತು. ಒಂಬತ್ತಾಯಿತು, ಒಂಬತ್ತೂವರೆಯಾಯಿತು, ಮೇಸ್ತ್ರಿ ಇಲ್ಲ. ಯಾರ ಮಾತು ನಂಬಿ ಗಾಡಿ ಬಿಚ್ಚಿಸಿದೆ ಅಂತ ನನ್ನನ್ನೇ ಬೈದುಕೊಂಡೆ. ಮೇಸ್ತ್ರಿಯನ್ನೂ ಬೈದೆ, ಮನಸ್ಸಿನಲ್ಲಿ, ಇಲ್ಲಿ ಬರೆಯಲಾಗದ ಮಾತಿನಲ್ಲಿ. ಹತ್ತಕ್ಕೆ ಐದು ನಿಮಿಷವಿದ್ದಾಗ ಬಸ್ ಸ್ಟ್ಯಾಂಡಿನ ಕಡೆಯಿಂದ ಬಟ್ಟೆ ಚೀಲ ಹೆಗಲಿಗೆ ಹಾಕಿಕೊಂಡು ಅರ್ಧ ಓಡುತ್ತಾ ಬಂದರು. ಮೊದಲ ಬಸ್ಸಿಗೇ ಶಿವಮೊಗ್ಗಕ್ಕೆ ಹೋಗಿದ್ದರಂತೆ. ಹಳೇ ಆರ್ಮನ್ನು ಜೊತೆಗೆ ಒಯ್ದು, ಸ್ಪೇರ್ ಅಂಗಡಿಯವರನ್ನು ಮನೆಯಿಂದ ಎಬ್ಬಿಸಿ, ಬಾಗಿಲು ತೆಗೆಸಿ, ಅಳತೆ ನೋಡಿ ತಂದಿದ್ದರು. ನೀರು ಕೂಡ ಕುಡಿಯದೆ ಕೆಲಸಕ್ಕಿಳಿದರು.

ಹನ್ನೊಂದೂ ಕಾಲಿಗೆ ಎಲ್ಲ ಮುಗಿಯಿತು ಅನ್ನುವಾಗ ಗಾಡಿಯನ್ನು ಗುಂಡಿಯ ಮೇಲೆ ತಂದು ನಿಲ್ಲಿಸಿ, "ಇಬ್ಬರೂ ಹತ್ತಿ ಕೂತ್ಕೊಳ್ಳಿ" ಅಂದರು. ಹೊರಡಬಹುದು ಅಂದುಕೊಂಡೆ. ಅಲ್ಲ, ಕೊನೆಯ ಬೋಲ್ಟು ಬಿಗಿ ಮಾಡುವುದು ಬಾಕಿ ಇತ್ತಂತೆ. ಮುಂಚೆ ನೋಡಿದ ಎರಡನೇ ಮೆಕ್ಯಾನಿಕ್ ಚಕ್ರ ಗಾಳಿಯಲ್ಲಿ ನೇತಾಡುತ್ತಿರುವಾಗಲೇ ಅದನ್ನು ಬಿಗಿಮಾಡಿದ್ದ. ಹಾಗೆ ಮಾಡಿದರೆ ಗಾಡಿ ನೆಲಕ್ಕಿಳಿದ ಮೇಲೆ ರಬ್ಬರು ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. "ದಿನಾ ಯಾರು ಕೂತ್ಕೊಳ್ತಾರೋ ಅವರೇ ಕೂತ್ಕೊಬೇಕು, ಆಮೇಲೇ ನಾನು ಬಿಗಿ ಮಾಡೋದು. ಲಾರಿ ಆದ್ರೂ ಅಷ್ಟೇ, ಕಾರು ಆದ್ರೂ ಅಷ್ಟೇ" ಅಂತ ಕೆಳಗಿಳಿದರು.

ನಾನು ಸ್ಟಿಯರಿಂಗ್ ಹಿಡಿದು ಕೂತೆ. ಇವರು ಪಕ್ಕದಲ್ಲಿ. ಆಸ್ಪತ್ರೆಯ ಬ್ಯಾಗನ್ನು ತೊಡೆ ಮೇಲೆ ಇಟ್ಟುಕೊಳ್ಳಬೇಕಾ ಅಂತ ಬಗ್ಗಿ ಕೇಳಿದರು. "ದಿನಾ ಇಟ್ಕೊಳ್ತೀರಾ? ಹಂಗಾದ್ರೆ ಇಟ್ಕೊಳ್ಳಿ. ಅಲ್ಲಾಡ್ಬೇಡಿ ಸಾರ್" ಅಂತ ಕೆಳಗಿಂದ ದನಿ ಬಂತು. ಇವರು ಏದುಸಿರನ್ನು ತಡೆದುಕೊಂಡು, ಬೆನ್ನು ನೆಟ್ಟಗೆ ಮಾಡಿ, ಫೋಟೋಗೆ ಕೂತ ಹಾಗೆ ಕೂತರು. ಎರಡು ವರ್ಷದಿಂದ ಎಲ್ಲರೂ ಇವರಿಗೆ ಹೇಳುತ್ತಿದ್ದದ್ದು ಒಂದೇ, ಕೂತ್ಕೊಳ್ಳಿ, ಸುಮ್ಮನೆ ಕೂತ್ಕೊಳ್ಳಿ. ಆವತ್ತು ಮಾತ್ರ ಇವರು ಕೂತಿದ್ದು ಕೆಲಸಕ್ಕಾಗಿ. ಹನ್ನೆರಡೂ ಕಾಲಿಗೆ ಆಸ್ಪತ್ರೆ ತಲುಪಿದಾಗ ಯಾಕೆ ತಡ ಅಂತ ಸಿಸ್ಟರ್ ಗದರಿದರು. "ಗ್ಯಾರೇಜಲ್ಲಿ ಡ್ಯೂಟಿ ಇತ್ತು" ಅಂದರು ಇವರು. ನಾನು ಹೊರಗೆ ಬಂದು, ಕಾರಿಡಾರಿನಲ್ಲಿ ಗೋಡೆ ಕಡೆ ಮುಖ ಮಾಡಿ ಅತ್ತೆ.

ಆಮೇಲೆ ಎರಡೂವರೆ ವರ್ಷ ಆ ಕಾರನ್ನು ಮೇಸ್ತ್ರಿ ಬಿಟ್ಟು ಯಾರೂ ಮುಟ್ಟಲಿಲ್ಲ. ತಿಂಗಳಿಗೊಮ್ಮೆ ಅವರೇ ಫೋನ್ ಮಾಡಿ ಕರೆಯುತ್ತಿದ್ದರು. ನನಗೆ ಇಲ್ಲದ ಸದ್ದುಗಳೂ ಕೇಳುತ್ತಿದ್ದವು, ಎಲ್ಲವನ್ನೂ ಪಟ್ಟಿ ಮಾಡಿಕೊಂಡು ಹೋಗುತ್ತಿದ್ದೆ. ಒಂದನ್ನೂ ತಲೆಯಲ್ಲಿದೆ ಅನ್ನಲಿಲ್ಲ ಆ ಮನುಷ್ಯ, ಒಂದೊಂದನ್ನೂ ಗುಂಡಿಗಿಳಿದು ನೋಡಿ, "ಇದು ಇಲ್ಲಮ್ಮಾ, ಬಿಟ್ಟಾಕಿ" ಅನ್ನುತ್ತಿದ್ದರು. ಸೋಮವಾರ, ಗುರುವಾರ ಮಾತ್ರ ಏನೇ ಆದರೂ ನಮ್ಮ ಗಾಡಿ ಬಿಚ್ಚುತ್ತಿರಲಿಲ್ಲ. ನನಗಿಂತ ಚೆನ್ನಾಗಿ ಅವರಿಗೆ ಆ ಎರಡು ದಿನ ನೆನಪಿರುತ್ತಿದ್ದವು...

ಹೋದ ವರ್ಷ ಒಂದು ತಿಂಗಳು ಅವರ ಫೋನ್ ಬರಲಿಲ್ಲ. ನಾನೇ ಮಾಡಿದರೆ ಸ್ವಿಚ್ ಆಫ್. ಹೋಗಿ ನೋಡಿದರೆ ಶೆಡ್ಡಿಗೆ ಬೀಗ. ಅದರ ಹಿಂದೆಯೇ ಅವರ ಮನೆ. ಅವರ ಹೆಂಡತಿ ಬಾಗಿಲು ತೆಗೆದರು, ಹಣೆ ನೋಡಿಯೇ ನನಗೆ ಗೊತ್ತಾಯಿತು.

ಬೆಳಿಗ್ಗೆ ಎದೆ ನೋವು ಅಂದರಂತೆ. ಇಲ್ಲಿನ ಡಾಕ್ಟರು ನೋಡಿ, ತಡ ಮಾಡದೆ ಶಿವಮೊಗ್ಗಕ್ಕೆ ಕರೆದುಕೊಂಡು ಹೋಗಿ ಅಂದರು. ಗಾಡಿ ಸಿಗುವುದು ಅರ್ಧ ಗಂಟೆಯ ಮೇಲಾಯಿತು. ಕೊನೆಗೆ ಆಟೋದಲ್ಲೇ ಹೊರಟರು. ದಾರಿ ಮಧ್ಯದ ಮಾಚೇನಹಳ್ಳಿ ದಾಟುವ ಮೊದಲೇ ಮುಗಿದಿತ್ತು. ಆಕೆ ನನ್ನ ಕೈ ಹಿಡಿದುಕೊಂಡು ಹೇಳಿದರು, "ನಿಮಗೆ ಫೋನ್ ಮಾಡಣ ಅಂದೆ ಅಮ್ಮಾ. ಬೇಡ ಅಂದ್ರು. ಇವತ್ತು ಗುರುವಾರ, ಅವರು ಹೊರಡೋ ಹೊತ್ತು, ಸಾರ್‌ಗೆ ತಡ ಆಗ್ಬಾರ್ದು ಅಂದ್ರು."

ಯಾವ ಗುರುವಾರ ಅಂತ ಕೇಳಿದೆ. ಹೇಳಿದರು. ಆ ಗುರುವಾರ ನನಗೆ ಚೆನ್ನಾಗಿ ನೆನಪಿದೆ. ಆವತ್ತು ಬೆಳಿಗ್ಗೆ ಆಸ್ಪತ್ರೆಯಿಂದ ಫೋನ್ ಬಂದು, ಮಷೀನುಗಳ ರಿಪೇರಿಯಿದೆ, ನಾಳೆ ಬನ್ನಿ ಅಂದಿದ್ದರು. ಇವರು ತಿಂಡಿ ತಿಂದು ಮಲಗಿದ್ದರು. ನಾನು ಮನೆ ಮುಂದೆ ಅವರೆಕಾಯಿ ಸುಲಿಯುತ್ತಾ ಕೂತಿದ್ದೆ, ಕಾರು ಎದುರಿಗೇ ನಿಂತಿತ್ತು. ನಮ್ಮ ಮನೆಯಿಂದ ಅವರ ಮನೆಗೆ ಆರು ನಿಮಿಷ.

ಇದನ್ನು ನಾನು ಆಕೆಗೆ ಹೇಳಲಿಲ್ಲ. ಅದು ಯಾವ ಗುರುವಾರ ಅಂತ ಮನೆಗೆ ಬಂದು ಇವರಿಗೂ ಹೇಳಲಿಲ್ಲ. ಹೇಗೆ ಹೇಳುವುದು...

ಕಳೆದ ಸೋಮವಾರ ವಾಪಸು ಬರುವಾಗ ಇವರು ಸೀಟು ಹಿಂದಕ್ಕೆ ಬಾಗಿಸಿಕೊಂಡು ಕಣ್ಣು ಮುಚ್ಚಿದ್ದರು. ಮಾಚೇನಹಳ್ಳಿಯ ಹತ್ತಿರ ಕಣ್ಣು ಬಿಟ್ಟು, ಯಾಕೆ ಇಷ್ಟು ಸುಮ್ಮನಿದ್ದೀಯ ಅಂತ ಕೇಳಿದರು. ಮೇಸ್ತ್ರಿ ನೆನಪಾದರು ಅಂದೆ.

ಇವರು ಸೀಟನ್ನು ನೆಟ್ಟಗೆ ಮಾಡಿಕೊಂಡರು. ಆಮೇಲೆ, "ನಮಗೊಂದು ಮಾತು ತಿಳಿಸಿದ್ರೆ ನಾವೇ ಕರ್ಕೊಂಡು ಹೋಗ್ಬಹುದಿತ್ತು ಕಣೇ" ಅಂದರು. "ಆದ್ರೆ ಏನ್ಮಾಡೋದು, ಆವತ್ತು ಗುರುವಾರ. ನಾವು ಆಸ್ಪತ್ರೇಲಿದ್ವಿ."

"ಹೌದು, ಆಸ್ಪತ್ರೇಲಿದ್ವಿ" ಅಂದೆ.