ಅಚ್ಚು ಬಲು ಸಣ್ಣದು, ಸಾರ್

ಆ ಗ್ರಂಥಪಾಲಕಿಯ ಎಡ ಮಣಿಕಟ್ಟಿನಲ್ಲಿ ಎರಡು ಗಾಜಿನ ಬಳೆಗಳ ಹಿಂದೆ ಸದಾ ಏಳೆಂಟು ರಬ್ಬರ್ ಬ್ಯಾಂಡುಗಳಿರುತ್ತಿದ್ದವು. ಸಂಜೆ ಕಳಚಿದಾಗ ಚರ್ಮದ ಮೇಲೆ ಕೆಂಪು ಗೆರೆಗಳು ಉಳಿಯುತ್ತಿದ್ದವು. ದಿನಕ್ಕೊಂದು ಹಾಳೆ ಹರಿಯುವ ಕ್ಯಾಲೆಂಡರಿನ ಹಳೆಯ ಹಾಳೆಗಳನ್ನು ಆ ಬ್ಯಾಂಡುಗಳಿಂದ ಕಟ್ಟಿ, ಒಂದು ಪೆನ್ಸಿಲಿನೊಡನೆ ಗ್ರಂಥಾಲಯದ ಮೇಜಿನ ಅಂಚಿನಲ್ಲಿ ಇಡುತ್ತಿದ್ದರು. ಕಾಯಿಲೆಯ ವಿಷಯ ಕೇಳಲು ಬಂದವರು ನಾಲ್ಕು ಜನರೆದುರು ಬಾಯಿ ಬಿಡಲಾರದೆ ನಿಂತರೆ, ಆ ಕಟ್ಟನ್ನು ಅವರತ್ತ ಸರಿಸುವರು.

“ಬರ್ದು ಕೊಡಿ. ಯಾರಿಗೆ ಅಂತ ನಾನು ಕೇಳಲ್ಲ.”

ಪುಸ್ತಕ ಹುಡುಕಿಕೊಟ್ಟ ಮೇಲೆ ಆ ಚೀಟಿಯನ್ನು ಬರೆದವರ ಕೈಗೇ ಹಿಂತಿರುಗಿಸುವರು.

ಎರಡು ಸಾವಿರದ ಇಸವಿ ಕಳೆದ ಹೊಸತು. ಕೆಲಮಂಗಲದಿಂದ ಬಸ್ಸಿನಲ್ಲಿ ಬಂದು, ಅವಲಪಲ್ಲಿಯ ನಮ್ಮ ಮನೆಗೆ ಹತ್ತಿರದ ಶಾಖಾ ಗ್ರಂಥಾಲಯವನ್ನು ನೋಡಿಕೊಳ್ಳುತ್ತಿದ್ದ ಈ ಗ್ರಂಥಪಾಲಕಿಯನ್ನು ನಾನು ಮೊದಲು ಕಂಡದ್ದು ಶತ್ರುವಾಗಿ. ತಮಿಳುನಾಡಿನ ಗಡಿಯ ಹೊಸೂರಿನ ಕಾರ್ಖಾನೆಯೊಂದರ ತಪಾಸಣೆ ವಿಭಾಗದಿಂದ ನಿವೃತ್ತನಾದ ವರ್ಷ, ನನ್ನ ಮಾವನವರು ಬಿಟ್ಟುಹೋದ ನಾಲ್ಕು ಕನ್ನಡ ವೈದ್ಯ ಪುಸ್ತಕಗಳಿಗೆ ಹೊಸ ರಟ್ಟು ಕಟ್ಟಿಸಿ, ಒಳಗೆ ನನ್ನ ಹೆಸರು ಬರೆದು ಅಲ್ಲಿಗೆ ಕೊಟ್ಟಿದ್ದೆ. ತಿಂಗಳೊಳಗೆ ಅವೆಲ್ಲ ಬೀಗ ಹಾಕಿದ ಬೀರು ಸೇರಿದ್ದವು. ಕಾರಣ ಕೇಳಿದೆ.

“ಕಥೆ ಪುಸ್ತಕ ಹಳೇದಾದ್ರೆ ತೊಂದ್ರೆ ಇಲ್ಲ ಸಾರ್. ಮದ್ದಿನ ಪುಸ್ತಕ ಹಳೇದಾದ್ರೆ ಯಾರಾನ ನಂಬ್ಬುಡ್ತಾರೆ.”

ಪತ್ರಿಕೆ ಓದುತ್ತಿದ್ದ ಮೂವರು ತಲೆಯೆತ್ತಿದರು. ಒಬ್ಬ ನಕ್ಕ. ಅವನು ಯಾರೆಂದು ಇಂದಿಗೂ ಬಲ್ಲೆ. ಜಿಲ್ಲಾ ಕಚೇರಿಗೆ ಎರಡು ಪುಟಗಳ ದೂರು ಬರೆದೆ. ನಕಲನ್ನು ಅವರ ಮೇಜಿನ ಮೇಲೆಯೇ ಇಟ್ಟು ಬಂದೆ.

ಮರುವರ್ಷ ನನ್ನ ಹೆಂಡತಿಗೆ ಕ್ಷಯವೆಂದು ತಿಳಿಯಿತು. ಸರ್ಕಾರಿ ಆಸ್ಪತ್ರೆಯಲ್ಲಿ ಆರು ತಿಂಗಳ ಮಾತ್ರೆ ಆರಂಭಿಸಿ, ಒಂದು ತಮಿಳು ಕರಪತ್ರ ಕೊಟ್ಟರು. ಇಪ್ಪತ್ತೆರಡು ವರ್ಷ ಇಲ್ಲಿದ್ದ ನಾನು ತಮಿಳನ್ನು ಸರಾಗವಾಗಿ ಮಾತಾಡುತ್ತಿದ್ದೆ, ಆದರೆ ಓದಲು ಬರುತ್ತಿರಲಿಲ್ಲ. ನರ್ಸಿನೆದುರು ಅದನ್ನು ಒಪ್ಪಿಕೊಳ್ಳಲಾರದೆ, ತಿಳಿದವನಂತೆ ತಲೆಯಾಡಿಸಿ, ಮಡಿಸಿ ಜೇಬಿಗಿಟ್ಟುಕೊಂಡೆ.

ಮೊದಲ ಮಾತ್ರೆ ನುಂಗಿದ ದಿನವೇ ಅವಳ ಮೂತ್ರ ಕೆಂಪಾಯಿತು.

“ರಕ್ತ ಹೋಗ್ತಿದೆ ರೀ. ಇನ್ನು ಆ ಮಾತ್ರೆ ನಾನು ಮುಟ್ಟಲ್ಲ,” ಎಂದು ಗೋಡೆಯ ಕಡೆ ತಿರುಗಿ ಮಲಗಿದಳು.

ನೆರೆಯವರನ್ನು ಕೇಳುವಂತಿರಲಿಲ್ಲ. ಕಾಯಿಲೆಯ ಸುದ್ದಿ ತಿಳಿದ ಎದುರು ಮನೆಯವರು ನಮ್ಮ ಮಜ್ಜಿಗೆ ಪಾತ್ರೆಯನ್ನು ಗೇಟಿನ ಹೊರಗೇ ಇಟ್ಟು ಹೋಗಿದ್ದರು, ಅದನ್ನೂ ಮರೆತಿಲ್ಲ. ಮೂತ್ರ ಕೆಂಪಾದರೆ ಔಷಧ ನಿಲ್ಲಿಸಿ, ಹಾಲು ಮತ್ತು ವಿಶ್ರಾಂತಿಯಿಂದ ಗುಣಪಡಿಸಬೇಕೆಂದು ನಾನು ದಾನ ಕೊಟ್ಟ ಪುಸ್ತಕವೊಂದರಲ್ಲಿ ಓದಿದ ನೆನಪಿತ್ತು. ಅದನ್ನು ಹಿಂದಕ್ಕೆ ಪಡೆಯಲೆಂದು ಗ್ರಂಥಾಲಯಕ್ಕೆ ಹೋದೆ.

ಅವರು ದೂರಿನ ಮಾತೆತ್ತಲಿಲ್ಲ. ನನ್ನ ಮುಖ ನೋಡಿ ಚೀಟಿಯ ಕಟ್ಟನ್ನು ಸರಿಸಿದರು. ಬರೆದೆ: ಕ್ಷಯದ ಮಾತ್ರೆ, ಮೂತ್ರ ಕೆಂಪು, ನಿಲ್ಲಿಸಬೇಕೇ?

“ಆಸ್ಪತ್ರೇಲಿ ಏನಾನ ಕಾಗ್ದ ಕೊಟ್ರಾ ಸಾರ್?”

ಜೇಬಿನಿಂದ ತೆಗೆದುಕೊಟ್ಟೆ. ಬಿಚ್ಚಿಯೇ ಇರದ ಅದರ ಮಡಿಕೆಯನ್ನು ನೋಡಿದರು. ಬಳಿಕ ನನ್ನ ಮೂಗಿನ ಮೇಲಿದ್ದ ಕನ್ನಡಕವನ್ನು ನೋಡಿದರು.

“ಅಚ್ಚು ಬಲು ಸಣ್ಣದು ಸಾರ್. ನಾನೇ ಓದಿ ಹೇಳ್ತೀನಿ.”

ಅಚ್ಚು ಸಣ್ಣದಾಗಿರಲಿಲ್ಲ. ಸಾಲುಸಾಲಿಗೂ ಬೆರಳಿಟ್ಟು ಕನ್ನಡದಲ್ಲಿ ಹೇಳಿದರು: ಈ ಮಾತ್ರೆಯಿಂದ ಮೂತ್ರ ಕಿತ್ತಳೆ ಅಥವಾ ಕೆಂಪು ಬಣ್ಣಕ್ಕೆ ತಿರುಗುತ್ತದೆ, ಅದು ರಕ್ತವಲ್ಲ, ಮಾತ್ರೆಯನ್ನು ನಡುವೆ ನಿಲ್ಲಿಸಬಾರದು. ಆಮೇಲೆ ಆರೋಗ್ಯ ಇಲಾಖೆಯ ಹೊಸ ಕೈಪಿಡಿಯೊಂದನ್ನು ತೆಗೆದು, ಅದರಲ್ಲೂ ಅದೇ ಮಾತನ್ನು ತೋರಿಸಿದರು.

“ಎಲ್ಡು ಕಡೆ ಒಂದೇ ಮಾತದೆ. ಆದ್ರೂ ಬೆಳಿಗ್ಗೆ ಡಾಕ್ಟ್ರನ್ನ ಕೇಳೇಬುಡಿ. ನಾನು ಪುಸ್ತಕ ತೋರ್ಸೋಳು, ಮದ್ದು ಹೇಳೋಳಲ್ಲ.”

“ನನ್ನ ಪುಸ್ತಕ?” ಎಂದೆ, ಆಗಲೂ.

ಬೀರು ತೆರೆದು ಕೈಗಿತ್ತರು. “ಮೊದಲ್ನೇ ಹಾಳೆ ಹಿಂದ್ಗಡೆ ನೋಡಿ ಸಾರ್.”

ಮುದ್ರಣದ ವರ್ಷ ನಾನು ಹುಟ್ಟುವುದಕ್ಕೂ ಮುಂಚಿನದು. ಅದನ್ನು ಬರೆದವರು ಈ ಮಾತ್ರೆಯನ್ನು ಕಂಡೇ ಇರಲಿಲ್ಲ. ಕೂದಲೆಳೆಯ ವ್ಯತ್ಯಾಸಕ್ಕೆ ಬಿಡಿಭಾಗಗಳನ್ನು ತಿರಸ್ಕರಿಸುತ್ತಿದ್ದ ನಾನು ಆ ಒಂದು ಸಾಲನ್ನು ಎಂದೂ ನೋಡಿರಲಿಲ್ಲ. ಹೊರಡುವಾಗ ಚೀಟಿಯನ್ನು ನನ್ನ ಅಂಗೈಯಲ್ಲಿಟ್ಟರು. “ಇದು ನಿಮ್ಮನೆ ಮಾತು. ನಿಮ್ಮತ್ರಾನೇ ಇರ್ಲಿ.”

ಬೆಳಿಗ್ಗೆ ವೈದ್ಯರು ಅದನ್ನೇ ಹೇಳಿದರು. ನನ್ನ ಹೆಂಡತಿ ಗೊಣಗುತ್ತಲೇ ಆರು ತಿಂಗಳೂ ಮಾತ್ರೆ ನುಂಗಿ ಗುಣವಾದಳು.

ದೂರನ್ನು ಹಿಂತೆಗೆದುಕೊಂಡು ಜಿಲ್ಲಾ ಕಚೇರಿಗೆ ಮತ್ತೊಂದು ಪತ್ರ ಬರೆದು, ಅವರಿಗೆ ತಿಳಿಸಲು ಹೋದೆ.

“ಮೊದಲ್ನೇದೂ ಫೈಲಲ್ಲೇ ಇರ್ಲಿ ಬುಡಿ. ಅಕ್ಷರ ಬಲು ಚೆಂದಾಗದೆ,” ಎಂದು ನಕ್ಕರು. “ಮುಂದಿನ್ ಕಾಗ್ದ ಮಾತ್ರ ನೀವೇ ಓದ್ಬೇಕು, ಆಯ್ತಾ?”

ಕ್ಯಾಲೆಂಡರ್ ಹಾಳೆಗಳ ಹಿಂಬದಿಯಲ್ಲಿ ತಮಿಳು ಅಕ್ಷರ ಬರೆಸಿದರು. ಅರವತ್ತು ದಾಟಿದವನು ತಪ್ಪು ಬರೆದರೂ ಒಮ್ಮೆಯೂ ನಗಲಿಲ್ಲ.

ಕೆಲವು ವರ್ಷಗಳ ನಂತರ, ಮದುವೆಯೊಂದಕ್ಕೆಂದು ಕೆಲಮಂಗಲದಲ್ಲಿ ಬಸ್ಸಿಳಿದಾಗ ಗೋಡೆಯ ಮೇಲೆ ಅವರ ಭಾವಚಿತ್ರವಿದ್ದ ಶ್ರದ್ಧಾಂಜಲಿ ಭಿತ್ತಿಪತ್ರ ಕಂಡೆ. ಅಂತಿಮ ಯಾತ್ರೆ ಹಿಂದಿನ ದಿನವೇ ಮುಗಿದಿತ್ತು. ಎಲ್ಲವೂ ತಮಿಳಿನಲ್ಲಿತ್ತು. ಅಚ್ಚು ದೊಡ್ಡದಾಗಿತ್ತು. ಕನ್ನಡಕ ಒರೆಸಿಕೊಂಡು, ಮೊದಲಿನಿಂದ ಕೊನೆಯವರೆಗೆ ನಾನೇ ಓದಿದೆ.